ಕಾಯಿ ಕುಡಿದ ನೀರು

ಮೋಟೆಬೆನ್ನೂರು
೨೦ ಫೆಬ್ರುವರಿ ೨೦೨೫

ದೇವವ್ವಾ,

ನಾವು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಅಂತ ಕಾಗದ ಶುರು ಮಾಡಬೇಕಂತೆ. ನಿನಗೆ ಕ್ಷೇಮವಿಲ್ಲ ಅನ್ನುವುದು ಗೊತ್ತಿದ್ದೂ ಹಾಗೆ ಬರೆದರೆ ನಾನು ಎಂಥವಳಾದೇನು? ಅದಕ್ಕೆ ಆ ಸಾಲು ಬಿಟ್ಟಿದ್ದೇನೆ.

ನಿನಗೆ ಫೋನ್ ಹಚ್ಚಿ ಹಚ್ಚಿ ಸಾಕಾಯಿತು. ನನ್ನ ಹೆಸರು ಕಂಡರೆ ಕಟ್ ಮಾಡುತ್ತೀ. ಮಗಳು ಬೇನಜೀರಳ ಫೋನಿನಿಂದ ಹಚ್ಚಿದರೆ ನನ್ನ ದನಿ ಕೇಳಿ ಅದನ್ನೂ ಕಟ್ ಮಾಡಿದೆ. ಕಾಗದವನ್ನು ಹಾಗೆ ಕಟ್ ಮಾಡಲಿಕ್ಕೆ ಬರುವುದಿಲ್ಲ. ಹರಿದು ಒಗೆಯಬೇಕು, ಹರಿಯುವ ಮೊದಲು ಒಂದು ಸಲ ಓದಿಯೇ ಓದುತ್ತೀ. ಹದಿನಾಲ್ಕು ವರ್ಷ ಒಂದೇ ರಾಶಿಯ ಆಚೆ ಈಚೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸಿದವರು ನಾವು. ನಿನ್ನ ಗುಣ ನನಗೆ ಗೊತ್ತಿಲ್ಲವೇ?

ಮೊದಲು ಸುದ್ದಿ ಹೇಳಿಬಿಡುತ್ತೇನೆ. ನಿನ್ನ ಮಗಳು ಸುಚಿತ್ರಾ ನನ್ನ ಮನೆಗೆ ಬಂದು ಇವತ್ತಿಗೆ ನಾಲ್ಕು ದಿನ. ರಾಣೆಬೆನ್ನೂರಿನಲ್ಲಿ ಗೆಳತಿಯ ಮದುವೆ ಅಂತ ನಿನಗೆ ಹೇಳಿ ಬಂದಿದ್ದಾಳೆ. ಮದುವೆಯೂ ಇಲ್ಲ ಗಿದುವೆಯೂ ಇಲ್ಲ. ಬಾಗಿಲಲ್ಲಿ ಚೀಲ ಇಟ್ಟವಳೇ, "ಮೌಶಿ, ಅವ್ವನ ಜಾಗಾ ಖಾಲಿ ಐತೆಲ್ಲ? ನಾಳಿಂದ ಅಲ್ಲಿ ನಾ ಕುಂದ್ರತೇನಿ" ಅಂದಳು. "ಪಿಯುಸಿ ಪಾಸಾದಾಕಿ ನೀನು, ಬ್ಯಾಡಗಿ ಖಾರದಾಗ ಯಾಕ ಬೀಳ್ತಿ?" ಅಂತ ಬೈದೆ. "ಗುತ್ತಲದಾಗ ಮಾಮಾನ ಮನಿಯಾಗ ಅವ್ವಾ ನಾನೂ ಎಷ್ಟು ದಿನಾ ಕುಂತು ಉಣ್ಣೋದು?" ಅಂತ ತಿರುಗಿ ಕೇಳಿದಳು. ಅದಕ್ಕೆ ಉತ್ತರ ನಿನ್ನ ಹತ್ತಿರ ಇದ್ದರೆ ಬರೆ.

ಇನ್ನು ನಮ್ಮಿಬ್ಬರ ಮಾತು. ಹೋದ ಮೇ ತಿಂಗಳಲ್ಲಿ ನೀನು ರಾಶಿಯ ಮೇಲೆ ಬಿದ್ದಾಗ ಟೆಂಪೊದಲ್ಲಿ ಹಾಕಿಕೊಂಡು ಹಾವೇರಿಗೆ ಒಯ್ದವಳು ನಾನು. ಎರಡೂ ಕಿಡ್ನಿ ಹೋಗಿವೆ ಅಂದಾಗ ನಿನಗಿಂತ ಮೊದಲು ಅತ್ತವಳೂ ನಾನು. ಅಂಥವಳನ್ನು ತೋರಿಸಿ ನೀನು ವಾರ್ಡಿನ ತುಂಬ ಕೇಳುವ ಹಾಗೆ, "ನನ್ನ ಕಿಡ್ನಿ ತಿಂದಾಕಿ ಇಕೀನ" ಅಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಹೌದು, ನಮ್ಮ ಹದಿನೆಂಟು ಹೆಂಗಸರ ಗುಂಪಿಗೆ ಯಾರೇ ಹೊಸಬರು ಬರಲಿ, ಮೊದಲ ದಿನ ನಾನು ಹೇಳುವುದು ಒಂದೇ: "ಮುಂಜಾನೆ ಕುಡದು ಬಾ, ಸಂಜಿಗೆ ಹೋಗಿ ಕುಡಿ, ನಡುವ ಬಾಯಿ ಕಟ್ಟು." ನನಗೆ ನಮ್ಮ ಅತ್ತೆ ರಸೂಲಬಿ ಹೇಳಿದ್ದು ಅದನ್ನೇ. ನೀರು ಕುಡಿದರೆ ಎದ್ದು ಹೋಗಬೇಕು. ಸಂಡಾಸು ಇರುವುದು ರಸ್ತೆ ದಾಟಿ ಆಚೆ. ಖಾರದ ಕೈ ಹೊತ್ತು ಅಲ್ಲಿಗೆ ಹೋಗಿ ಬಂದರೆ ಎಲ್ಲೆಲ್ಲಿ ಉರಿಯುತ್ತದೆ ಅಂತ ನಿನಗೆ ಬಿಡಿಸಿ ಬರೆಯಬೇಕೇ? ಅದು ಕಾರಣವಾಗಿದ್ದರೆ ಹತ್ತೊಂಬತ್ತು ವರ್ಷ ಬಾಯಿ ಕಟ್ಟಿದ ನನ್ನ ಕಿಡ್ನಿ ಎಂದೋ ಹೋಗಬೇಕಿತ್ತು. ನಾನು ಕಲ್ಲಿನ ಹಾಗೆ ಇದ್ದೇನೆ.

ಬೈಯುವುದಾದರೂ ಸರಿ, ಉತ್ತರ ಬರೆ.

ಮುಸರತ

ಹಾವೇರಿ, ಡಯಾಲಿಸಿಸ್ ಕೋಣೆ
೨೮ ಫೆಬ್ರುವರಿ, ಶುಕ್ರವಾರ

ಮುಸರತ,

ಹರಿಯಲಿಲ್ಲ. ಹರಿಯಲಿಕ್ಕೆ ಎರಡು ಕೈ ಬೇಕು, ನನ್ನ ಎಡಗೈ ಮಶೀನಿನ ಪಾಲಾಗಿದೆ. ಮಂಗಳವಾರ, ಶುಕ್ರವಾರ ಗುತ್ತಲದಿಂದ ಮೊದಲ ಬಸ್ಸಿಗೆ ಬರುತ್ತೇನೆ. ಎರಡು ಸೂಜಿ ಚುಚ್ಚುತ್ತಾರೆ, ಒಂದರಿಂದ ರಕ್ತ ಹೊರಗೆ ಹೋಗುತ್ತದೆ, ತೊಳೆದದ್ದು ಇನ್ನೊಂದರಿಂದ ಒಳಗೆ ಬರುತ್ತದೆ. ನಾಲ್ಕು ತಾಸು ಅಲುಗಾಡುವಂತಿಲ್ಲ. ಬಲಗೈ ಖಾಲಿ ಇದೆ, ಸಿಟ್ಟು ಬೇಕಾದಷ್ಟಿದೆ. ಅದಕ್ಕೇ ಬರೆಯುತ್ತಿದ್ದೇನೆ, ನಿನ್ನ ಮೇಲಿನ ಪ್ರೀತಿಗಲ್ಲ.

ನನ್ನ ಮಗಳನ್ನು ನನ್ನದೇ ಜಾಗದಲ್ಲಿ ಕೂರಿಸಿದ್ದೀಯಲ್ಲ, ನಿನಗೆ ಮೈಮೇಲೆ ಎಚ್ಚರ ಇದೆಯೇನು? ಇಡೀ ಬ್ಯಾಡಗಿಯಲ್ಲಿ ಬೇರೆ ಜಾಗ ಸಿಗಲಿಲ್ಲವೇ?

ಕೇಳು. ವಾರ್ಡಿನಲ್ಲಿ ಡಾಕ್ಟರು ನನ್ನನ್ನು ಕೇಳಿದ್ದನ್ನು ನಿನಗೆ ಯಾರೂ ಹೇಳಿಲ್ಲ. "ನಿಮಗೆ ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇರಲಿಲ್ಲ, ವಯಸ್ಸು ನಲವತ್ತೊಂದು. ಏನು ಕೆಲಸ ಮಾಡ್ತಿದ್ರಿ?" ಅಂದರು. ಹೇಳಿದೆ. "ಕೆಲಸದಾಗ ಎಷ್ಟು ನೀರು ಕುಡೀತಿದ್ರಿ?" ಅಂದರು. ನಾನು ಜಂಬದಿಂದ, "ಒಂದು ಗುಟುಕೂ ಇಲ್ರಿ, ನಮ್ಮ ಗುಂಪಿನಾಗ ಯಾರೂ ಕುಡಿಯಂಗಿಲ್ಲ" ಅಂದೆ. ಜಂಬದಿಂದ ಅಂದೆ, ಮುಸರತ! ಅವರು ಪೆನ್ನು ಕೆಳಗಿಟ್ಟರು. ಇದೊಂದೇ ಕಾರಣ ಅಂತ ಬರೆದುಕೊಡಲಿಕ್ಕೆ ಆಗುವುದಿಲ್ಲವಂತೆ. ಆದರೆ ತಗಡಿನ ಕೆಳಗೆ ಬೆವರು ಸುರಿಸುತ್ತ, ನೀರಿಲ್ಲದೆ, ಮೇಲೆ ದಿನಾ ಸೊಂಟನೋವಿಗೆ ಗುಳಿಗೆ ನುಂಗುತ್ತ ವರ್ಷಗಟ್ಟಲೆ ಕೂತರೆ ಕಿಡ್ನಿ ಒಣಗುತ್ತ ಹೋಗುತ್ತದೆ, ಹೋಗುವಾಗ ಸಪ್ಪಳ ಮಾಡುವುದಿಲ್ಲ ಅಂದರು. ಆಗಲೇ ನೀನು ನೀರಿನ ಬಾಟಲಿ ಹಿಡಿದುಕೊಂಡು ಒಳಗೆ ಬಂದೆ. ನನ್ನ ಬಾಯಿಂದ ಆ ಮಾತು ಬಂತು. ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ನೀನು ಕಲ್ಲು ಇರಬಹುದು, ನನ್ನ ಮಗಳು ಕಲ್ಲಲ್ಲ. ಅವಳನ್ನು ಕಳಿಸಿಬಿಡು. ಅವಳು ಬರಲೊಲ್ಲೆ ಅಂದರೆ, ಅನ್ನುತ್ತಾಳೆ, ಅವಳೂ ನನ್ನ ಮಗಳೇ, ಆಗ ನೀರು ಕುಡಿಸು. ದಿನಾ ಕುಡಿಸು. ಇಷ್ಟು ಮಾಡದಿದ್ದರೆ ನಿನ್ನ ಮನೆಯ ಹೊಸ್ತಿಲು ಮತ್ತೆ ತುಳಿಯುವವಳಲ್ಲ ನಾನು.

ದೇವವ್ವ

ಮೋಟೆಬೆನ್ನೂರು
೧೦ ಮಾರ್ಚ್

ದೇವವ್ವಾ,

ನಿನ್ನ ಕಾಗದ ಓದಿ ಎರಡು ದಿನ ಎಲ್ಲರ ಮೇಲೂ ಹರಿಹಾಯ್ದೆ. ಮೌಶಿ ಯಾಕೆ ಸಿಡುಕುತ್ತಾಳೆ, ರೋಜಾ ಹಿಡಿದಿದ್ದಕ್ಕೇನು ಅಂತ ಎಲ್ಲರೂ ಕೇಳಿದರು. ಹೌದು ಅಂದೆ. ರಂಜಾನಿನ ರೋಜಾ ಶುರುವಾಗಿ ಒಂಬತ್ತು ದಿನ. ನೀನು ಪ್ರತಿ ವರ್ಷ ನನಗೆ ಚೇಷ್ಟೆ ಮಾಡುತ್ತಿದ್ದೆಯಲ್ಲ, "ನಿಂದು ಒಂದು ತಿಂಗಳ ರೋಜಾ, ನಮ್ದು ಹನ್ನೆರಡು ತಿಂಗಳದ್ದು" ಅಂತ. ಆಗ ಎಲ್ಲರೂ ನಕ್ಕಿದ್ದೆವು.

ಡಾಕ್ಟರು ಹೇಳಿದ್ದು ಪೂರ್ತಿ ನಂಬಿದ್ದೇನೆ ಅಂತ ತಿಳಿಯಬೇಡ. ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತವರಿಗೆ ನಮ್ಮ ಖಾರ ಏನು ಗೊತ್ತು? ಆದರೂ ನಿನ್ನ ಮಗಳು, ನಿನ್ನ ಮಾತು. ಸುಚಿತ್ರಾ ಬರಲೊಲ್ಲೆ ಅಂದಳು. ಹಾಗಾಗಿ ಬ್ಯಾಡಗಿ ಪೇಟೆಯಲ್ಲಿ ಕೆಂಪು ಮುಚ್ಚಳದ, ಎರಡು ಲೀಟರು ಹಿಡಿಯುವ ಬಾಟಲಿ ಕೊಡಿಸಿದ್ದೇನೆ. ಮುಂಜಾನೆ ನಾನೇ ತುಂಬಿ ಅವಳ ಚೀಲದಲ್ಲಿ ಇಡುತ್ತೇನೆ. ಸಂಜೆ ಟೆಂಪೊ ಹತ್ತುವಾಗ ನಾನೇ ತೆಗೆದು ನೋಡುತ್ತೇನೆ. ಇವತ್ತಿನ ತನಕ ಒಂದು ದಿನವೂ ಒಂದು ಹನಿ ಉಳಿದಿಲ್ಲ. ಅಲ್ಲಾನ ಮೇಲೆ ಆಣೆ.

ಹುಡುಗಿಯ ಕೈ ನಿನಗಿಂತ ಚುರುಕು. ಮೊದಲ ವಾರ ಬೆರಳು ಊದಿ ರಾತ್ರಿ ಅತ್ತಳು, ಕೊಬ್ಬರಿ ಎಣ್ಣೆ ಹಚ್ಚಿದೆ. ಈಗ ಒಗ್ಗಿದೆ. ಈ ಸಲ ಬಿಸಿಲು ಮಾರ್ಚಿನಲ್ಲೇ ಮೇ ತಿಂಗಳಿನಂತೆ ಹೊಡೆಯುತ್ತಿದೆ. ತಗಡಿನ ಕೆಳಗೆ ಕೂತರೆ ರಾಶಿಯೇ ಉಸಿರು ಬಿಟ್ಟ ಹಾಗೆ ಬಿಸಿ ಬರುತ್ತದೆ. ಮಧ್ಯಾಹ್ನ ನಮ್ಮ ಗುಂಪಿನ ಮೈಮುನಾಬಿಗೆ ತಲೆ ತಿರುಗಿ ಗೋಡೆಗೆ ಆತು ಕೂತಿದ್ದಳು. ನಿನಗೆ ಹೇಳಬಾರದಿತ್ತೇನೋ, ಬರೆದಾಯಿತು.

ಉರಿಯಬೇಡ. ಮಗಳು ನೀರು ಕುಡಿಯುತ್ತಿದ್ದಾಳೆ.

ಮುಸರತ

ಹಾವೇರಿ
೧೮ ಮಾರ್ಚ್, ಮಂಗಳವಾರ

ಮುಸರತ,

ಬಾಟಲಿಯ ಸುದ್ದಿ ಓದಿ ಹತ್ತು ತಿಂಗಳಲ್ಲಿ ಮೊದಲ ಸಲ ಬಸ್ಸಿನಲ್ಲಿ ನಿದ್ದೆ ಮಾಡಿದೆ. ಹಾವೇರಿ ಸ್ಟ್ಯಾಂಡ್ ಬಂದದ್ದೂ ಗೊತ್ತಾಗಲಿಲ್ಲ, ಕಂಡಕ್ಟರ್ ಎಬ್ಬಿಸಿದ. ನಿನಗೆ ಒಳ್ಳೆಯದಾಗಲಿ ಅಂತ ಮನಸ್ಸಿನಲ್ಲೇ ಅಂದೆ. ಕಾಗದದಲ್ಲಿ ಅನ್ನಲಿಕ್ಕೆ ಇನ್ನೂ ಸಮಯ ಬೇಕು.

ನನ್ನ ಪಕ್ಕದ ಮಂಚದಲ್ಲಿ ರಾಣೆಬೆನ್ನೂರಿನ ಹಮಾಲ ಗೋಣೆಪ್ಪ ಇರುತ್ತಾನೆ. ಮೂವತ್ನಾಲ್ಕು ವಯಸ್ಸು. ಬಿಸಿಲಿನಲ್ಲಿ ಲಾರಿಗೆ ಚೀಲ ಏರಿಸುತ್ತಿದ್ದವನು. ನೀರು ಕುಡಿದು ಭಾರ ಹೊತ್ತರೆ ಹೊಟ್ಟೆ ಹಿಡಿಯುತ್ತದೆ ಅಂತ ಅವರ ಗುಂಪಿನಲ್ಲಿ ಮಾತಂತೆ. ಅವರಿಗೂ ಯಾರೋ ಒಬ್ಬ ಮುಸರತ ಇರಬೇಕು. "ಅಕ್ಕಾ, ನಾವು ಹೊಟ್ಟಿ ಸಂಬಂಧ ನೀರು ಬಿಟ್ವಿ, ನೀವು ಉರಿ ಸಂಬಂಧ ಬಿಟ್ರಿ. ಇಬ್ರೂ ಒಂದ ಮಂಚಕ್ಕ ಬಂದ್ವಿ ನೋಡ್ರಿ" ಅಂತ ನಗುತ್ತಾನೆ. ಅವನ ನಗು ಕೇಳಿದರೆ ನನಗೆ ಅಳು ಬರುತ್ತದೆ.

ಒಂದು ಮಾತು ನಿನಗೆ ಗೊತ್ತಿರಲಿಕ್ಕಿಲ್ಲ. ನನಗೆ ಈಗ ದಿನಕ್ಕೆ ಮೂರೇ ಲೋಟ ನೀರು. ಕುಡಿದದ್ದನ್ನು ಹೊರಗೆ ಹಾಕುವ ಶಕ್ತಿ ಇಲ್ಲವಲ್ಲ, ಹೆಚ್ಚಾದರೆ ಕಾಲು ಊದುತ್ತವೆ, ಉಸಿರು ಸಿಗುವುದಿಲ್ಲ. ಮುಂಜಾನೆ ಒಂದು, ಗುಳಿಗೆಗೆ ಅರ್ಧ ಅರ್ಧ, ಮಲಗುವಾಗ ಒಂದು. ನಮ್ಮ ಅತ್ತಿಗೆ ಕೊಡ ತುಂಬುವ ಸಪ್ಪಳಕ್ಕೆ ನಾನು ಕಿವಿ ಮುಚ್ಚಿಕೊಳ್ಳುತ್ತೇನೆ. ಆಗ ನೀರಿತ್ತು, ಕುಡಿಯಲಿಲ್ಲ. ಈಗ ಬಾಯಿ ಒಣಗುತ್ತದೆ, ಕೊಡುವುದಿಲ್ಲ.

ನಿನ್ನೆಯಿಂದ ಮತ್ತೊಂದು ಯೋಚನೆ ಹತ್ತಿದೆ, ಕೂತಲ್ಲಿ ಕೂರಗೊಡುವುದಿಲ್ಲ. ಎರಡು ಲೀಟರು ಕುಡಿದವಳು ಎರಡು ಮೂರು ಸಲವಾದರೂ ಎದ್ದು ಹೋಗಬೇಕಲ್ಲ? ಸುಚಿತ್ರಾ ಹೋಗುತ್ತಾಳೇನು? ದಿನಕ್ಕೆ ಎಷ್ಟು ಸಲ ರಸ್ತೆ ದಾಟುತ್ತಾಳೆ? ನೀನು ಬಾಟಲಿ ನೋಡಿದೆ, ಹುಡುಗಿಯನ್ನು ನೋಡಿದೆಯಾ? ನಾಚಿಕೆ ಬಿಟ್ಟು ನೋಡು, ನೋಡಿ ಲಗೂ ಬರೆ.

ದೇವವ್ವ

ಮೋಟೆಬೆನ್ನೂರು
೨೬ ಮಾರ್ಚ್

ದೇವವ್ವಾ,

ಹೇಗೆ ಬರೆಯಲಿ ಅಂತ ನಾಲ್ಕು ಹಾಳೆ ಹಾಳು ಮಾಡಿದೆ. ಇದು ಐದನೆಯದು.

ನೀನು ಹೇಳಿದಂತೆ ಮೂರು ದಿನ ನೋಡಿದೆ. ರೋಜಾ ಇದ್ದವಳಿಗೆ ಬೇರೆಯವರ ನೀರಿನ ಮೇಲೆಯೇ ಕಣ್ಣು ಅಂತ ನಗಬೇಡ. ಸುಚಿತ್ರಾ ಒಂದು ಸಲವೂ ಎದ್ದು ಹೋಗಲಿಲ್ಲ. ಮೂರನೆಯ ದಿನ, ಊಟ ಆದ ಮೇಲೆ, ಬಿಸಿಲು ತಲೆಯ ಮೇಲಿದ್ದಾಗ, ಅವಳು ಬಾಟಲಿ ತೆಗೆದಳು. ಮುಚ್ಚಳ ಬಿಚ್ಚಿದಳು. ಅಂಗೈ ಅಡ್ಡ ಹಿಡಿದು ಸಣ್ಣಗೆ ತನ್ನ ಮುಂದಿನ ಕಾಯಿಯ ಮೇಲೆ ಚಿಮುಕಿಸಿದಳು. ಅರ್ಧ ತಾಸು ಬಿಟ್ಟು ಮತ್ತೆ. ಸಂಜೆಯೊಳಗೆ ಬಾಟಲಿ ಖಾಲಿ.

ಇದು ನನಗೆ ಹೊಳೆಯಬೇಕಿತ್ತು. ಒಣಕಾಯಿ ಮುರಿಯುತ್ತದೆ, ದೂಳು ಏಳುತ್ತದೆ, ಸ್ವಲ್ಪ ನೀರು ಬಿದ್ದರೆ ಮೆತ್ತಗಾಗಿ ತೊಟ್ಟು ಬೆರಳಿಗೆ ಸರಾಗ ಬರುತ್ತದೆ. ನಾವೆಲ್ಲ ಮಾಡುವ ಕೆಲಸವೇ. ಸಾಹುಕಾರ ಇಡುವ ಬಕೀಟಿನ ನೀರು ಮಧ್ಯಾಹ್ನಕ್ಕೆ ಮುಗಿಯುತ್ತದೆ, ಕೂಲಿ ಕಿಲೋ ಲೆಕ್ಕದ್ದು. ಹುಡುಗಿ ತನ್ನ ಬಾಟಲಿ ಉಪಯೋಗಿಸಿದಳು. ಇಪ್ಪತ್ತೆರಡು ದಿನ ನಾನು ತುಂಬಿದ ನೀರು ಕಾಯಿ ಕುಡಿಯಿತು, ನಿನ್ನ ಮಗಳು ಕುಡಿಯಲಿಲ್ಲ. ನಾನು ಖಾಲಿ ಬಾಟಲಿ ನೋಡಿ ನಿನಗೆ ಆಣೆ ಇಟ್ಟು ಬರೆದೆ.

ಟೆಂಪೊದಲ್ಲೇ ಅವಳನ್ನು ಹಿಡಿದು ಜಾಡಿಸಿದೆ. ಅವಳು ಅಳಲೂ ಇಲ್ಲ, ಸಿಟ್ಟೂ ಆಗಲಿಲ್ಲ. "ನೀವ ಹೇಳಿದ್ರೆಲ್ಲ ಮೌಶಿ, ಮೊದಲನೇ ದಿವಸ? ನಡುವ ಬಾಯಿ ಕಟ್ಟು ಅಂತ" ಅಂದಳು.

ಹೇಳಿದ್ದೆ, ದೇವವ್ವಾ. ನಿನ್ನನ್ನು ಹಾವೇರಿಗೆ ಒಯ್ದ ಮೇಲೂ, ನೀನು ವಾರ್ಡಿನಲ್ಲಿ ಬೈದ ಮೇಲೂ, ನಿನ್ನ ಮಗಳು ನಿನ್ನ ಜಾಗದಲ್ಲಿ ಕೂತ ದಿನ ಹೇಳಿದ್ದೆ. ಯೋಚಿಸಿ ಹೇಳಲಿಲ್ಲ. ಹೊಸಬರು ಕೂತರೆ ನನ್ನ ಬಾಯಿ ತಾನೇ ತೆರೆದುಕೊಳ್ಳುತ್ತದೆ, ಆ ಮಾತು ತಾನೇ ಬರುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೆ ಅಂತ ಮೊನ್ನೆ ಎಣಿಸಲು ಕೂತೆ, ಅರ್ಧಕ್ಕೆ ಬಿಟ್ಟೆ.

ನೀನು ಬೈದದ್ದು ಸುಳ್ಳಲ್ಲ. ಇಷ್ಟು ಬರೆಯಲಿಕ್ಕೇ ಐದು ಹಾಳೆ ಬೇಕಾದವು.

ಮುಸರತ

ಮೋಟೆಬೆನ್ನೂರು
೩ ಏಪ್ರಿಲ್

ಪ್ರೀತಿಯ ಅವ್ವ,

ಮುಸರತ ಮೌಶಿ ನಿನಗೆ ಎಲ್ಲ ಬರೆದಿದ್ದಾಳೆ ಅಂತ ಗೊತ್ತಾಯಿತು. ನಾನೂ ಬರೆಯುತ್ತೇನೆ, ಇಲ್ಲದಿದ್ದರೆ ತಪ್ಪೆಲ್ಲ ಅವಳದೇ ಆಗುತ್ತದೆ.

ಮೌಶಿ ಹೇಳಿದ್ದಕ್ಕಷ್ಟೇ ನಾನು ಬಾಯಿ ಕಟ್ಟಿದ್ದಲ್ಲ. ಮೊದಲ ಎರಡು ದಿನ ಕದ್ದು ಕುಡಿದೆ. ಎದ್ದು ಹೋದೆ. ಸಾಬೂನು ಹಚ್ಚಿ ತೊಳೆದರೂ ಕೈಯ ಖಾರ ಹೋಗಿರಲಿಲ್ಲ. ಆಮೇಲೆ ಸಂಜೆಯ ತನಕ ಕೂರಲಿಕ್ಕೆ ಆಗಲಿಲ್ಲ, ನಿಲ್ಲಲಿಕ್ಕೆ ಆಗಲಿಲ್ಲ. ರಸ್ತೆಯ ಬದಿಗೆ ಕೂತ ಗಂಡಸರು ಯಾವಳು ಎಷ್ಟು ಸಲ ಹೋದಳು ಅಂತ ನೋಡುತ್ತಾರೆ. ಅವ್ವ, ಇದೆಲ್ಲ ನಿನಗೆ ಗೊತ್ತಿಲ್ಲದ್ದೇ? ನೀನು ದಿನಾ ಸಂಜೆ ಬಂದು ನಿಂತಲ್ಲೇ ತಂಬಿಗೆ ಎತ್ತಿ ಗಟಗಟ ಕುಡಿಯುತ್ತಿದ್ದೆ, ನೀರು ಕುತ್ತಿಗೆಯ ಮೇಲೆ ಹರಿಯುತ್ತಿತ್ತು. ಸಣ್ಣವಳಿದ್ದಾಗ ಅದನ್ನು ನೋಡಿ ನಗುತ್ತಿದ್ದೆ. ನನಗೆ ಒಂದು ದಿನವಾದರೂ ಹೇಳಿದೆಯಾ?

ಇನ್ನೊಂದು ಸುದ್ದಿ. ಮೌಶಿ ಬರೆಯಬೇಡ ಅಂದಿದ್ದಾಳೆ. ಯುಗಾದಿ ಆಯಿತು, ಮರುದಿನ ಅವರ ಹಬ್ಬ. ಎರಡು ದಿನ ಸೂಟಿ ಮಾಡಿ ಮೊನ್ನೆ ಕೆಲಸಕ್ಕೆ ಹೋದಾಗ ಮಧ್ಯಾಹ್ನ ನಾನು ಬಿದ್ದೆ. ನಿನ್ನ ಹಾಗೆ ಅಲ್ಲ, ಸುಮ್ಮನೆ ಕಣ್ಣು ಕತ್ತಲೆ ಬಂತು. ಎದ್ದಾಗ ಮೌಶಿ ನನ್ನ ತಲೆ ತೊಡೆಯ ಮೇಲೆ ಇಟ್ಟುಕೊಂಡು, "ದೇವಿ, ಏಳs, ದೇವಿ" ಅನ್ನುತ್ತಿದ್ದಳು. ನನ್ನ ಹೆಸರಲ್ಲ, ನಿನ್ನ ಹೆಸರು.

ನಾಡಿದ್ದು ಹಾವೇರಿಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸುತ್ತಾಳಂತೆ. ನಾನು ಕೆಲಸ ಬಿಡುವುದಿಲ್ಲ. ನಿನ್ನ ಬಸ್ಸಿಗೆ, ಗುಳಿಗೆಗೆ ಯಾರಾದರೂ ದುಡಿಯಲೇಬೇಕು. ಬೈದು ಬರೆಯಬೇಡ.

ನಿನ್ನ ಮಗಳು,
ಸುಚಿತ್ರಾ

ಹಾವೇರಿ
೮ ಏಪ್ರಿಲ್, ಮಂಗಳವಾರ

ಮುಸರತ,

ರಕ್ತದ ಚೀಟಿಯಲ್ಲಿ ಏನು ಬಂತು? ಮೂರು ದಿನದಿಂದ ಉಂಡಿಲ್ಲ. ಫೋನ್ ನಾನೇ ಹಚ್ಚಿದೆ, ನಿನ್ನದು ಸ್ವಿಚ್ ಆಫ್, ಅವಳದು ಸ್ವಿಚ್ ಆಫ್. ಈಗ ನೀವಿಬ್ಬರೂ ನನ್ನನ್ನು ಕಟ್ ಮಾಡಿದಿರಿ. ಕ್ರಿಯಾಟಿನಿನ್ ಅಂತ ಒಂದು ಸಾಲು ಇರುತ್ತದೆ, ಅದರ ಮುಂದಿನ ಅಂಕಿ ಬರೆದು ಕಳಿಸು. ಒಂದರ ಆಚೆ ಈಚೆ ಇದ್ದರೆ ಬದುಕುತ್ತೇನೆ. ನಾನು ಬಿದ್ದ ದಿನ ನನ್ನದು ಒಂಬತ್ತು ಇತ್ತು.

ಸೂಜಿ ಕಿತ್ತು ಎದ್ದು ಬರಲೇ ಅನ್ನಿಸುತ್ತಿದೆ. ಗೋಣೆಪ್ಪ, "ಅಕ್ಕಾ, ಕೈ ಅಲುಗಸಬ್ಯಾಡ್ರಿ, ಮಶಿನ್ ಕೂಗಾಕತ್ತೈತಿ" ಅನ್ನುತ್ತಿದ್ದಾನೆ.

ಸುಚಿತ್ರಾಗೆ ಹೇಳು: ಅವ್ವ ಬೈದಿಲ್ಲ. ಅವ್ವ ಯಾವತ್ತೂ ಹೇಳಲಿಲ್ಲ, ಹೇಳಬೇಕಿತ್ತು.

ದೇವವ್ವ

ಮೋಟೆಬೆನ್ನೂರು
೨೧ ಏಪ್ರಿಲ್

ದೇವವ್ವಾ,

ಫೋನ್ ಮಾಡಿ ಒಂದೇ ಮಾತು ಹೇಳಿ ಇಟ್ಟೆ, ಕ್ಷಮಿಸು. ಮತ್ತೊಮ್ಮೆ ಬರೆಯುತ್ತೇನೆ, ಕಾಗದ ಕೈಯಲ್ಲಿದ್ದರೆ ಧೈರ್ಯ: ಸುಚಿತ್ರಾಳದು ಒಂದು ಬಿಂದು ಒಂದು. ಕಿಡ್ನಿ ಗಟ್ಟಿ ಇದೆ. ಆದರೆ ಮೂತ್ರದಲ್ಲಿ ಏನೋ ಸ್ವಲ್ಪ ಕಂಡಿದೆಯಂತೆ, ನೀರು ಕುಡಿಯಬೇಕು, ನೋವಿನ ಗುಳಿಗೆ ಮುಟ್ಟಬಾರದು, ಮೂರು ತಿಂಗಳಿಗೆ ಮತ್ತೆ ತೋರಿಸಬೇಕು ಅಂದರು. ಮೂರು ತಿಂಗಳು ನನಗೂ ನಿನಗೂ ನಿದ್ದೆ ಇಲ್ಲ.

ಈಗ ನಾವು ಮಾಡಿದ್ದನ್ನು ಕೇಳು. ಸಾಹುಕಾರನ ಮುಂದೆ ಹೋಗಿ, ಅಂಗಳದೊಳಗೇ ಸಂಡಾಸು ಕಟ್ಟಿಸಿರಿ, ನೀರು ಇಡಿಸಿರಿ ಅಂದೆ. "ಮುಂದಿನ ಸೀಜನ್ನಿಗೆ ನೋಡೋಣವಾ" ಅಂದ. ಅವನ ಮುಂದಿನ ಸೀಜನ್ ನಾನು ಹತ್ತೊಂಬತ್ತು ಸಲ ನೋಡಿದ್ದೇನೆ. ಹೊರಗೆ ಬಂದು ನಮ್ಮವರನ್ನೆಲ್ಲ ಕೂರಿಸಿ, "ನೀರು ಬ್ಯಾಡ ಅಂದಾಕಿ ನಾನ. ಇವತ್ತು ನಾನ ಹೇಳಾಕತ್ತೇನಿ, ಕುಡೀರಿ" ಅಂದೆ. ಯಾರೂ ಬಾಟಲಿ ಮುಟ್ಟಲಿಲ್ಲ. ಮೈಮುನಾಬಿ ಕೇಳಿದಳು: "ಕುಡೀತೇವು, ಆಮ್ಯಾಲೆ ಈ ಕೈ ತಗೊಂಡು ಎಲ್ಲಿಗೆ ಹೋಗೂಣು?"

ಅದಕ್ಕೂ ಉತ್ತರ ಕೊಟ್ಟವಳು ನಿನ್ನ ಮಗಳೇ. "ಒಬ್ಬಾಕಿ ಕೈ ಖಾರ ಆಗಲಾರದಂಗ ಇಟ್ರ?" ಅಂದಳು. ಈಗ ದಿನಕ್ಕೊಬ್ಬಳು ಕಾಯಿ ಮುಟ್ಟುವುದಿಲ್ಲ. ಅವಳಿಗೆ ತಂಪುಗೈ ಅಂತ ಹೆಸರಿಟ್ಟಿದ್ದೇವೆ. ತಾಸಿಗೊಮ್ಮೆ ಅವಳು ಕೊಡ ಹಿಡಿದು ಬಂದು ಎಲ್ಲರ ಬಾಯಿಗೆ ಎತ್ತಿ ನೀರು ಹಾಕುತ್ತಾಳೆ. ಹೋಗುವವಳಿಗೆ ಎಣ್ಣೆ ಹಚ್ಚಿ, ಕಡಲೆ ಹಿಟ್ಟಿನಿಂದ ಕೈ ತಿಕ್ಕಿ ತೊಳೆದು, ಜೊತೆಗೆ ನಡೆದು, ಬಾಗಿಲಲ್ಲಿ ನಿಲ್ಲುತ್ತಾಳೆ. ರಸ್ತೆಯ ಗಂಡಸರು ನೋಡಿದರೆ ಅವಳೂ ಅವರನ್ನು ಕಣ್ಣು ಬಿಟ್ಟು ನೋಡುತ್ತಾಳೆ. ಸಂಜೆ ತೂಕದ ಮೊದಲು ನಾವೆಲ್ಲ ಬೊಗಸೆ ಬೊಗಸೆ ನಮ್ಮ ಕಾಯಿ ಅವಳ ಬುಟ್ಟಿಗೆ ಹಾಕುತ್ತೇವೆ. ಅವಳ ಕೂಲಿ ಅವಳಿಗೆ ಬರುತ್ತದೆ.

ಮೊದಲ ದಿನದ ತಂಪುಗೈ ನಾನು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಸಂಜೆ ಕೈ ಉರಿಯಲಿಲ್ಲ. ಆ ಕೈ ನನ್ನದಲ್ಲ ಅನ್ನಿಸಿತು. ಸುಚಿತ್ರಾ ಅವತ್ತು ಐದು ಸಲ ಕುಡಿದಳು, ಮೂರು ಸಲ ಹೋದಳು. ಈ ಸಲ ಬಾಟಲಿಯನ್ನಲ್ಲ, ಹುಡುಗಿಯನ್ನೇ ನೋಡಿ ಬರೆಯುತ್ತಿದ್ದೇನೆ.

ಮುಸರತ

ಮೋಟೆಬೆನ್ನೂರು
೨೮ ಏಪ್ರಿಲ್

ಪ್ರೀತಿಯ ಅವ್ವ,

ಮೌಶಿ ಮಲಗಿದ್ದಾಳೆ, ಅದಕ್ಕೆ ಬರೆಯುತ್ತಿದ್ದೇನೆ. ಹಾವೇರಿಯಲ್ಲಿ ಅವತ್ತು ನನ್ನ ಜೊತೆಗೆ ಅವಳ ರಕ್ತವನ್ನೂ ತೆಗೆದಿದ್ದರು. ನಾನು ಒಬ್ಬಳೇ ಕೊಡುವುದಿಲ್ಲ ಅಂತ ಹಟ ಹಿಡಿದಿದ್ದಕ್ಕೆ ಅವಳೂ ಕೈ ಚಾಚಿದಳು. ಅವಳ ಚೀಟಿ ಏನಾಯಿತು ಅಂತ ಕೇಳಿದರೆ, "ನಂದೇನ ಐತಿ, ಕಲ್ಲು ಇದ್ದಂಗ ಅದೇನಿ" ಅಂದಳು.

ನಿನ್ನೆ ರೊಟ್ಟಿ ಹಿಟ್ಟಿನ ಡಬ್ಬಿಯ ತಳದಲ್ಲಿ ಆ ಚೀಟಿ ಸಿಕ್ಕಿತು. ನೀನು ಹೇಳಿದ ಕ್ರಿಯಾಟಿನಿನ್ ಸಾಲು ಹುಡುಕಿದೆ. ಮೂರು ಬಿಂದು ಎರಡು. ಕೆಳಗೆ ಡಾಕ್ಟರು, ದೊಡ್ಡ ಡಾಕ್ಟರಿಗೆ ಕೂಡಲೇ ತೋರಿಸಬೇಕು ಅಂತ ಬರೆದಿದ್ದಾರೆ. ಮೂರು ವಾರ ಆಯಿತು, ತೋರಿಸಿಲ್ಲ. ಬೇನಜೀರ ಅಕ್ಕನಿಗೂ ಹೇಳಿಲ್ಲ.

ಚೀಟಿ ಮುಂದೆ ಹಿಡಿದೆ. ಮೊದಲು ಬೈದಳು. ಆಮೇಲೆ ಅತ್ತಳು. "ನಿಮ್ಮವ್ವಗ ಹೇಳಬ್ಯಾಡ. ಆಕಿ ಮುಂದ ಯಾವ ಮುಖಾ ಇಟ್ಕೊಂಡು ಅಳ್ಳಿ? ಆಕಿದು ಹೋತು, ನಂದೂ ಹೋಗಲಿ, ಸಾಟಿ ಆತು" ಅಂದಳು. ತಂಪುಗೈ ನೀರು ತಂದಾಗ ಹದಿನೇಳು ಜನಕ್ಕೂ ಕುಡಿಸು ಅನ್ನುತ್ತಾಳೆ, ತನ್ನ ಪಾಳಿ ಬಂದರೆ "ನನಗ ಸಾಕು" ಅಂತ ಕೈ ಅಡ್ಡ ಹಿಡಿಯುತ್ತಾಳೆ. ನನ್ನ ಮಾತು ಕೇಳುವುದಿಲ್ಲ. ನಿನ್ನ ಮಾತು ಕೇಳಿಯಾಳು. ಏನಾದರೂ ಮಾಡು ಅವ್ವ.

ಸುಚಿತ್ರಾ

ಹಾವೇರಿ
೨ ಮೇ, ಶುಕ್ರವಾರ

ಮುಸರತ,

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಯಲ್ಲಿ ಬಿತ್ತಂತೆ. ನನ್ನ ಮಗಳಿಗೆ ಬೈಯಬೇಡ, ಅವಳು ಹೇಳದಿದ್ದರೆ ನಾನೇ ಕೇಳುತ್ತಿದ್ದೆ. ನಿನ್ನ ಹೋದ ಕಾಗದದಲ್ಲಿ ಅವಳ ಅಂಕಿ ಎರಡು ಸಲ ಓದಿದೆ, ನಿನ್ನ ಸುದ್ದಿ ಎಲ್ಲೂ ಇರಲಿಲ್ಲ. ನೀನು ಸುಮ್ಮನಿದ್ದರೆ ಏನೋ ಇದೆ ಅಂತ ಹದಿನಾಲ್ಕು ವರ್ಷ ಎದುರು ಕೂತವಳಿಗೆ ಗೊತ್ತಾಗುವುದಿಲ್ಲವೇ?

ಸಾಟಿ ಆಯಿತು ಅಂದೆಯಂತೆ. ಯಾವ ಹುಚ್ಚು ಲೆಕ್ಕ ಅದು? ನಿನ್ನ ಕಿಡ್ನಿ ಹೋದರೆ ನನ್ನದು ತಿರುಗಿ ಬರುತ್ತದೇನು? ನನಗೆ ಸಿಟ್ಟಿತ್ತು, ಖರೇ. ವರ್ಷವೆಲ್ಲ ಈ ಮಂಚದ ಮೇಲೆ ಮಲಗಿ ನಿನ್ನನ್ನು ಬೈದೆ. ಆದರೆ ನೀನು ಇಲ್ಲಿ ನನ್ನ ಪಕ್ಕದ ಮಂಚದಲ್ಲಿ ಮಲಗಲಿ ಅಂತ ಒಂದು ದಿನವೂ ಬೇಡಿಕೊಳ್ಳಲಿಲ್ಲ. ಆ ಮಂಚ ಈಗ ಖಾಲಿ ಇದೆ. ಗೋಣೆಪ್ಪ ಮಂಗಳವಾರ ಬರಲಿಲ್ಲ, ಇವತ್ತೂ ಬಂದಿಲ್ಲ. ಯಾಕೆ ಅಂತ ಕೇಳಿದೆ, ನರ್ಸ್ ಬೇರೆ ಕಡೆ ನೋಡಿದಳು.

ಡಾಕ್ಟರನ್ನು ನಿನ್ನ ಬಗ್ಗೆ ಕೇಳಿದ್ದೇನೆ. ಮೂರು ಬಿಂದು ಎರಡು ಅಂದರೆ ಮಶೀನು ಇನ್ನೂ ದೂರ ಇದೆ, ಈಗಲೇ ನೀರು ಕುಡಿದು ಔಷಧ ಶುರು ಮಾಡಿದರೆ ವರ್ಷಗಟ್ಟಲೆ ದೂರ ಇಡಬಹುದು, ಬಿಟ್ಟರೆ ತಾನೇ ನಡೆದು ಬರುತ್ತದೆ ಅಂದರು. ಮಂಗಳವಾರ ಒಂಬತ್ತಕ್ಕೆ ನಿನ್ನ ಹೆಸರು ಬರೆಸಿದ್ದೇನೆ. ನಾನು ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ನೀನು ಬರದಿದ್ದರೆ ನಾನೂ ಮಶೀನಿಗೆ ಕೈ ಕೊಡುವುದಿಲ್ಲ, ಅಲ್ಲೇ ನಿಂತಿರುತ್ತೇನೆ. ಹೆದರಿಸುತ್ತಿದ್ದೇನೆ ಅಂತಲೇ ತಿಳಿ.

ಇನ್ನೊಂದು. ತಂಪುಗೈಗೆ ದಿನಾ ಒಬ್ಬಳು ಕೆಲಸ ಬಿಡಬೇಕು, ನೀವೆಲ್ಲ ಬೊಗಸೆ ಕೊಡಬೇಕು ಅಂತ ಬರೆದಿದ್ದೆಯಲ್ಲ. ನಾನು ಕಾಯಿ ಮುಟ್ಟಿ ಒಂದು ವರ್ಷವಾಯಿತು. ಕೈ ಮೂಸಿ ನೋಡಿದರೆ ಡೆಟಾಲಿನ ವಾಸನೆ, ಖಾರದ್ದಿಲ್ಲ. ನಮ್ಮ ಗುಂಪಿನಲ್ಲಿ ಇಷ್ಟು ತಣ್ಣಗಿನ ಕೈ ಯಾರದಿದೆ? ಸೂಜಿಯ ಕೈಯಿಂದ ಭಾರ ಎತ್ತುವಂತಿಲ್ಲ, ಕೊಡ ಸುಚಿತ್ರಾ ಹಿಡಿಯಲಿ, ಲೋಟ ನಾನು ಹಿಡಿಯುತ್ತೇನೆ. ಮಶೀನಿನ ಮರುದಿನ ಮೈ ಹಗುರ ಇರುತ್ತದೆ. ಬುಧವಾರ ಮತ್ತು ಶನಿವಾರ ಬರಲಿಕ್ಕೆ ಡಾಕ್ಟರು ಒಪ್ಪಿದ್ದಾರೆ, ನೆರಳಿನಲ್ಲಿ ಕೂರಬೇಕು ಅಂತ ಎರಡು ಸಲ ಹೇಳಿ. ನಾಳೆ ಶನಿವಾರ. ಈ ಕಾಗದ ಅಂಚೆಗೆ ಹಾಕುವುದಿಲ್ಲ, ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ, ನನ್ನ ಮುಂದೆಯೇ ಓದು.

ಓದಿ ಮುಗಿಸಿದ ಮೇಲೆ ಮೊದಲ ಲೋಟ ನಿನಗೆ. ಸಾಕು ಅಂತ ಕೈ ಅಡ್ಡ ಹಿಡಿದರೆ ಮೂಗು ಹಿಡಿದು ಕುಡಿಸುತ್ತೇನೆ. ನನ್ನ ಪಾಲಿನ ಮೂರು ಲೋಟದಲ್ಲಿ ಒಂದನ್ನು ಉಳಿಸಿಕೊಂಡು ಬರುತ್ತೇನೆ, ಅದನ್ನು ನಿನ್ನ ಎದುರಿಗೆ, ನನ್ನ ಹಳೆಯ ಜಾಗದಲ್ಲಿ ಕೂತು ಕುಡಿಯುತ್ತೇನೆ. ಹದಿನಾಲ್ಕು ವರ್ಷ ಎದುರುಬದುರು ಕೂತೆವು, ಮುಸರತ. ಒಂದು ದಿನವೂ ಕೂಡಿ ನೀರು ಕುಡಿಯಲಿಲ್ಲ.

ನಿನ್ನ
ದೇವಿ